ಸೇಬಿನ ಮುಂದೆ ಕುಳಿತ ಸೆಜಾನ್

ಕೋಲಾರ ಸೀಮೆಯಲ್ಲಿ, ಮಾಸ್ತಿಯಿಂದ ಶ್ರೀನಿವಾಸಪುರದವರೆಗೆ, ಮಾವಿನ ಸುಗ್ಗಿ ಬಂತೆಂದರೆ ಹಣ್ಣಿನ ಬೆಲೆ ಕೇಳುವವರೇ ಹೆಚ್ಚು. ಹಣ್ಣನ್ನು ಸುಮ್ಮನೆ ನೋಡುವವರು ವಿರಳ. ಹಾಗೆ ನೋಡುವುದನ್ನೇ ಸಾಧನೆಯಾಗಿಸಿಕೊಂಡವನು ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್.

1839ರಲ್ಲಿ ದಕ್ಷಿಣ ಫ್ರಾನ್ಸಿನ ಎಕ್ಸ್ ಪಟ್ಟಣದಲ್ಲಿ ಜನಿಸಿದ ಆತ, ಬ್ಯಾಂಕ್ ನಡೆಸುತ್ತಿದ್ದ ತಂದೆಯ ಒತ್ತಾಯಕ್ಕೆ ಕಾನೂನು ಓದತೊಡಗಿ, ನಡುವೆಯೇ ಬಿಟ್ಟು 1861ರಲ್ಲಿ ಪ್ಯಾರಿಸ್ ಸೇರಿದ. ಅಲ್ಲಿನ ಅಧಿಕೃತ ಪ್ರದರ್ಶನ ‘ಸಲೋನ್’ ಆತನ ಚಿತ್ರಗಳನ್ನು ಮತ್ತೆ ಮತ್ತೆ ತಿರಸ್ಕರಿಸಿತು; ಒಪ್ಪಿದ್ದು 1882ರಲ್ಲಿ ಒಮ್ಮೆ ಮಾತ್ರ.

ಸೇಬು, ಕಿತ್ತಳೆ, ನೆರಿಗೆಬಿದ್ದ ಬಟ್ಟೆ, ಒಂದು ಜಾಡಿ. ಆತನ ವಸ್ತುಚಿತ್ರಕ್ಕೆ ಇಷ್ಟು ಸಾಕಿತ್ತು. ಹಣ್ಣು ತಕ್ಕ ಓರೆಯಲ್ಲಿ ನಿಲ್ಲಲೆಂದು ಅಡಿಗೆ ನಾಣ್ಯ ಇಡುತ್ತಿದ್ದ. ಕೆಲಸ ಎಷ್ಟು ನಿಧಾನವೆಂದರೆ ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ಷಿಕಾಗೊ ಕಲಾಸಂಸ್ಥೆಯಲ್ಲಿರುವ ‘ಸೇಬಿನ ಬುಟ್ಟಿ’ಯನ್ನೇ ನೋಡಿ: ಮೇಜಿನ ಎಡಬಲದ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ, ಸೀಸೆ ವಾಲಿದೆ. ಮೊದಲಿಗೆ ತಪ್ಪೆನಿಸುತ್ತದೆ. ಆದರೆ ಕತ್ತು ಹೊರಳಿಸಿ ನಾವು ನೋಡುವುದೂ ಹೀಗೆಯೇ ಅಲ್ಲವೇ? ಹಣ್ಣಿನ ದುಂಡುತನ ಹೊರಗೆರೆಯಿಂದಲ್ಲ, ಹಳದಿ ಕೆಂಪಿಗೆ ಜಾರುವಲ್ಲಿ ಮೂಡುತ್ತದೆ.

ಪ್ಯಾರಿಸ್ಸಿನಲ್ಲಿ 1895ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದಾಗ ಆತನಿಗೆ 56 ವರ್ಷ. 1906ರ ಅಕ್ಟೋಬರಿನಲ್ಲಿ ಬಯಲಲ್ಲಿ ಚಿತ್ರ ಬರೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ ಕುಸಿದವನು, ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದ.