ಪ್ಲೇಗಿನ ಹುಬ್ಬಳ್ಳಿಯೂ ಹಾಫ್‌ಕಿನ್ ಎಂಬ ವಿಜ್ಞಾನಿಯೂ

ಪ್ಲೇಗಿನ ನೆನಪು ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ನನ್ನ ಬಾಲ್ಯದವರೆಗೂ ಉಳಿದಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕಿತ್ತೆಂದೂ, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿದ್ದರೆಂದೂ ಅಜ್ಜಿ ತನ್ನ ಹಿರಿಯರಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದಳು. ಆದರೆ 1898ರಲ್ಲಿ ಇದೇ ಹುಬ್ಬಳ್ಳಿ ಪ್ಲೇಗ್ ಲಸಿಕೆಯ ಅತಿ ದೊಡ್ಡ ಪರೀಕ್ಷಾಭೂಮಿಗಳಲ್ಲಿ ಒಂದಾಗಿತ್ತೆಂಬುದನ್ನು ಅವಳೂ ಹೇಳಲಿಲ್ಲ, ಶಾಲೆಯ ಪಾಠವೂ ಹೇಳಲಿಲ್ಲ. ನಿವೃತ್ತಿಯ ನಂತರದ ಓದಿನಲ್ಲಿ ಆ ಸಂಗತಿಯೂ, ಅದರ ಹಿಂದಿದ್ದ ವಾಲ್ಡೆಮಾರ್ ಹಾಫ್‌ಕಿನ್ ಎಂಬ ಮನುಷ್ಯನೂ ನನಗೆ ಎದುರಾದರು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಇಂದು ಉಕ್ರೇನಿಗೆ ಸೇರಿರುವ ಒಡೆಸ್ಸಾದಲ್ಲಿ. ಯಹೂದಿಗಳ ಮೇಲೆ ದಂಗೆಕೋರರು ಎರಗುತ್ತಿದ್ದ ಕಾಲವದು. ವಿದ್ಯಾರ್ಥಿಯಾಗಿದ್ದಾಗಲೇ ಆತ್ಮರಕ್ಷಣೆಯ ಗುಂಪು ಸೇರಿ, ಪೊಲೀಸರ ಕಣ್ಣಿಗೆ ಬಿದ್ದವರು. ಮತಾಂತರಗೊಂಡಿದ್ದರೆ ವಿಶ್ವವಿದ್ಯಾಲಯದ ಹುದ್ದೆ ದೊರೆಯುತ್ತಿತ್ತು, ಅದನ್ನವರು ಒಪ್ಪಲಿಲ್ಲ. ಜಿನೀವಾ ಹಾದು ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಗೆ ಬಂದಾಗ ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನಲ್ಲಿ ಪ್ರಯೋಗ ನಡೆಸುತ್ತ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು.

ತಾನು ಮೊದಲು, ಅನ್ಯರು ಆಮೇಲೆ ಎಂಬ ಈ ಕ್ರಮ ಅವರ ಜೀವನದುದ್ದಕ್ಕೂ ಕಾಣುತ್ತದೆ. 1893ರಲ್ಲಿ ಭಾರತಕ್ಕೆ ಬಂದು ಉತ್ತರದ ಪಟ್ಟಣಗಳಲ್ಲೂ ಕಲ್ಕತ್ತೆಯ ಕೊಳೆಗೇರಿಗಳಲ್ಲೂ ಅವರು ಲಸಿಕೆ ಹಾಕಿದ್ದು ಒಪ್ಪಿದವರಿಗೆ ಮಾತ್ರ. 1896ರಲ್ಲಿ ಮುಂಬಯಿಗೆ ಪ್ಲೇಗ್ ಕಾಲಿಟ್ಟಾಗ ಸರ್ಕಾರ ಅವರನ್ನು ಕರೆಸಿಕೊಂಡಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೊಟ್ಟದ್ದು ಒಂದು ಚಿಕ್ಕ ಕೋಣೆ, ಬೆರಳೆಣಿಕೆಯ ಸಿಬ್ಬಂದಿ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅದರ ಅಡಿಯಲ್ಲಿ ರೋಗಾಣುಗಳು ಎಳೆಯೆಳೆಯಾಗಿ ಇಳಿದು ಬೆಳೆಯುವಂತೆ ಮಾಡಿ, ನಂತರ ಕಾಯಿಸಿ ಕೊಲ್ಲುವುದು ಅವರ ವಿಧಾನ. ಜನರ ನಂಬಿಕೆಗೆ ನೋವಾಗದಿರಲೆಂದು ಆ ಸಾರಿಗೆ ಗೋಮಾಂಸ, ಹಂದಿಮಾಂಸಗಳನ್ನು ಬಿಟ್ಟು ಆಡಿನ ಮಾಂಸ ಬಳಸಿದರು. 1897ರ ಜನವರಿ 10ರಂದು, ಮತ್ತೆ, ತಮಗೇ ಚುಚ್ಚಿಸಿಕೊಂಡರು. ಬೈಕಲಾ ಸೆರೆಮನೆಯ ಒಪ್ಪಿದ ಕೈದಿಗಳ ಸರದಿ ಆಮೇಲಿನದು.

ಅದೇ ವರ್ಷ ಪುಣೆಯಲ್ಲಿ ಸರ್ಕಾರ ಬೇರೆಯೇ ಮಾರ್ಗ ಹಿಡಿದಿತ್ತು. ಸೈನಿಕರು ಮನೆಮನೆಗೆ ನುಗ್ಗಿ, ಒಳಕೋಣೆಗಳನ್ನು ಶೋಧಿಸಿ, ರೋಗಿಗಳನ್ನು ಎಳೆದೊಯ್ದರು. ಅದರ ಫಲವಾಗಿ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಚಾಪೇಕರ ಸೋದರರ ಗುಂಡಿಗೆ ಗುರಿಯಾದ. ಆರೋಗ್ಯದ ಹೆಸರಿನಲ್ಲಿ ಹೊರಟ ಆಡಳಿತ ಊರಿನ ಶಾಂತಿಯನ್ನೇ ಕಳೆದಿತ್ತು. ಸೂಜಿಯ ಹಿಂದೆ ಬಂದೂಕು ನಿಲ್ಲಬಾರದೆಂಬುದು ಹಾಫ್‌ಕಿನ್ನರ ನಿಲುವು. ದಂಗೆಯೆಂದರೇನೆಂದು ಒಡೆಸ್ಸಾದಲ್ಲಿ ಕಂಡವರಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲವೇನೋ.

ಮರುವರ್ಷ ರೋಗ ಹುಬ್ಬಳ್ಳಿಗೆ ಬಂತು. ರೈಲು, ಹತ್ತಿ ಮತ್ತು ವ್ಯಾಪಾರದ ಊರಾದ್ದರಿಂದ ಬರದಿದ್ದರೇ ಆಶ್ಚರ್ಯ. ಸುಮಾರು 50,000 ಜನರ ಪಟ್ಟಣದಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಕೆಲವೇ ತಿಂಗಳುಗಳಲ್ಲಿ 30,000ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರು. ಕಾರ್ಥಾರ್ನ್ ಎಂಬ ವೈದ್ಯೆಯೂ ಈ ಸೀಮೆಯಲ್ಲಿ ದುಡಿದರು. ಹೆಣ್ಣುಮಕ್ಕಳ ಅಂಜಿಕೆ ಅದರಿಂದ ಎಷ್ಟು ಕಡಿಮೆಯಾಗಿರಬೇಕೆಂದು ಊಹಿಸಬಹುದು. ಲಸಿಕೆ ಪಡೆಯದವರಲ್ಲಿ ಸಾವು ಪಡೆದವರಿಗಿಂತ ಅನೇಕ ಪಟ್ಟು ಹೆಚ್ಚಿತ್ತು. ಲಸಿಕೆಯೇನೂ ಪೂರ್ಣ ರಕ್ಷಾಕವಚವಾಗಿರಲಿಲ್ಲ. ಎಲ್ಲವೂ ನಿಷ್ಕಳಂಕ ಸಮ್ಮತಿಯೂ ಆಗಿರಲಿಲ್ಲ: ಚುಚ್ಚಿಸಿಕೊಂಡವರಿಗೆ ಪ್ಲೇಗ್ ಕಟ್ಟಳೆಗಳಿಂದ ವಿನಾಯಿತಿ ದೊರೆಯುತ್ತಿತ್ತು. ಅರ್ಥಶಾಸ್ತ್ರ ಓದಿದ ನಾನು ಅದನ್ನು ಪ್ರೋತ್ಸಾಹಕವೆನ್ನುತ್ತೇನೆ. ಊರು ಬಿಡಲಾರದ ಬಡ ನೇಕಾರ ಅದನ್ನು ಒತ್ತಾಯವೆಂದಿದ್ದರೆ ಅಲ್ಲಗಳೆಯಲಾರೆ. ಆದರೂ ಪುಣೆಗೂ ಹುಬ್ಬಳ್ಳಿಗೂ ಇದ್ದ ಅಂತರ ಸಣ್ಣದಲ್ಲ.

ಇದನ್ನು ಓದುವಾಗ ನನ್ನದೇ ಒಂದು ತಪ್ಪು ನೆನಪಾಯಿತು. ಪಲ್ಸ್ ಪೋಲಿಯೊ ಆರಂಭದ ವರ್ಷಗಳಲ್ಲಿ ಒಂದು ತಾಲ್ಲೂಕಿನ ಹೊಣೆ ನನ್ನದಾಗಿತ್ತು. ಹನಿ ಹಾಕಿಸಲು ಒಪ್ಪದ ಓಣಿಯೊಂದಕ್ಕೆ ಪೊಲೀಸ್ ಜೀಪಿನೊಡನೆ ಹೋದೆ. ಅರ್ಧ ಗಂಟೆಯಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದವು. ಮರುದಿನ ಅಲ್ಲಿಯ ದಾದಿ ತನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಬ್ಬಳೇ ಹೋದಳು. ಓಣಿಯ ನಡುವೆ ಕುಳಿತು ಮೊದಲ ಹನಿಗಳನ್ನು ಅದರ ಬಾಯಿಗೇ ಹಾಕಿದಳು. ಸಂಜೆಯೊಳಗೆ ಬಾಗಿಲುಗಳು ತೆರೆದವು. ಗುರಿ ಸಾಧನೆಯ ವರದಿಗೆ ಸಹಿ ಮಾತ್ರ ನನ್ನದಿತ್ತು.

ಹಾಫ್‌ಕಿನ್ನರಿಗೆ ಪ್ರತಿಫಲವಾಗಿ ಒದಗಿದ್ದು ಅವಮಾನ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಮುಂಬಯಿಯ ಪ್ರಯೋಗಾಲಯದಲ್ಲೇ ಔಷಧ ಕೆಟ್ಟಿತ್ತೆಂದು ತನಿಖೆ ಹೇಳಿತು. ಅವರನ್ನು ಹುದ್ದೆಯಿಂದ ದೂರವಿಡಲಾಯಿತು. ಆದರೆ ಹಳ್ಳಿಯಲ್ಲಿ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಸರಿಯಾಗಿ ಶುದ್ಧಗೊಳಿಸದೆ ಅದನ್ನೇ ಬಳಸಲಾಗಿತ್ತು. ಈ ಸಂಗತಿಗೆ ತಕ್ಕ ಬೆಲೆ ಸಿಗಲು ವರ್ಷಗಳೇ ಬೇಕಾದವು. 1907ರಲ್ಲಿ ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ದನಿಯೆತ್ತಿದ ಮೇಲೆ ಕಳಂಕ ಕಳೆಯಿತು. ಕಡತಗಳ ನಡುವೆ ಜೀವನ ಕಳೆದ ನನಗೆ ಆ ಐದು ವರ್ಷಗಳ ವಿಳಂಬ ಹೊಸದೆನಿಸಲಿಲ್ಲ. ಅದೊಂದೇ ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು.

ಅವರು ಕಹಿ ತೋರದೆ ಕಲ್ಕತ್ತೆಗೆ ಮರಳಿದರು. ಆದರೆ ಲಸಿಕೆ ತಯಾರಿಕೆಯ ಅವಕಾಶ ಮತ್ತೆ ದೊರೆಯಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿವೃತ್ತರಾಗಿ ಯುರೋಪಿಗೆ ಹೋದರು. 1925ರಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಪ್ರಯೋಗಾಲಯಕ್ಕೆ ಅವರ ಹೆಸರಿಡಲಾಯಿತು. ಇಂದಿಗೂ ಅದು ಹಾಫ್‌ಕಿನ್ ಸಂಸ್ಥೆಯೇ. ಮದುವೆಯಾಗದೆ ಒಂಟಿಯಾಗಿಯೇ ಬಾಳಿದ ಅವರು ಉಳಿಸಿದ ಹಣವನ್ನೆಲ್ಲ ಯಹೂದಿ ಧರ್ಮಪಾಠಶಾಲೆಗಳಿಗೆ ಮೀಸಲಿಟ್ಟು, 1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಕಣ್ಮುಚ್ಚಿದರು.