ನಿಜವಾದ ಚೀನೀ ಗಾರುಡಿಗ

ಐಂದ್ರಜಾಲಿಕರ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಗೆದ್ದವರಿಗಿಂತ ಸೋತವನೊಬ್ಬನ ಕಡೆಗೇ ಹರಿಯುತ್ತದೆ. ಅವನೇ ಚಿಂಗ್ ಲಿಂಗ್ ಫೂ. 1854ರಲ್ಲಿ ಚೀನಾದಲ್ಲಿ ಹುಟ್ಟಿದ ಈತ 1898ರಲ್ಲಿ ಅಮೆರಿಕದ ಓಮಹಾ ನಗರದ ವಸ್ತುಪ್ರದರ್ಶನಕ್ಕೆ ಬಂದು ಹೆಸರಾದನು. ಬರಿಯ ನೆಲದ ಮೇಲೆ ಬಟ್ಟೆ ಹಾಸಿ, ಅದನ್ನೆತ್ತುವಷ್ಟರಲ್ಲಿ ತುಂಬಿ ತುಳುಕುವ ದೊಡ್ಡ ನೀರಿನ ಬೋಗುಣಿಯನ್ನು ತೋರಿಸುವುದು ಅವನ ಹೆಗ್ಗಳಿಕೆಯ ವಿದ್ಯೆ. ಅದನ್ನು ಮಾಡಿ ತೋರಿಸಿದವರಿಗೆ 1000 ಡಾಲರ್ ಬಹುಮಾನವೆಂದು ಡಂಗುರವೂ ಆಯಿತು. ವಿಲಿಯಂ ರಾಬಿನ್‌ಸನ್ ಎಂಬ ಅಮೆರಿಕನ್ ಗಾರುಡಿಗ ಮುಂದೆ ಬಂದಾಗ ಮಾತ್ರ ಅವನಿಗೆ ಅವಕಾಶ ದೊರೆಯಲಿಲ್ಲ.

ಆ ರಾಬಿನ್‌ಸನ್ ತಲೆ ಬೋಳಿಸಿ, ಜಡೆ ಇಳಿಬಿಟ್ಟು, ಮುಖಕ್ಕೆ ಬಣ್ಣ ಬಳಿದು, ರೇಷ್ಮೆಯ ನಿಲುವಂಗಿ ತೊಟ್ಟು 1900ರಲ್ಲಿ ಚುಂಗ್ ಲಿಂಗ್ ಸೂ ಎಂಬ ಹೆಸರಿನಿಂದ ಲಂಡನ್ನಿನ ಅಲ್ಹಾಂಬ್ರದಲ್ಲಿ ಕಾಣಿಸಿಕೊಂಡನು. ರಂಗದ ಮೇಲೆ ಇಂಗ್ಲಿಷ್ ಆಡುತ್ತಿರಲಿಲ್ಲ; ಪತ್ರಿಕೆಯವರೊಡನೆ ದುಭಾಷಿಯ ಮೂಲಕವೇ ಮಾತು. ಹೆಂಡತಿಯೂ ಚೀನೀ ವೇಷ ಧರಿಸಿ ಸುಈ ಸೀನ್ ಆದಳು.

ಕೆಲವೇ ವರ್ಷಗಳಲ್ಲಿ ಫೂ ಲಂಡನ್ನಿಗೆ ಬಂದು ಎಂಪೈರ್ ರಂಗಮಂದಿರವನ್ನೇರಿದನು. ಹತ್ತಿರದ ಹಿಪ್ಪೊಡ್ರೋಮಿನಲ್ಲಿ ಸೂ! ಇವನು ಚೀನೀಯನೇ ಅಲ್ಲವೆಂದು ಫೂ ಸಾರಿದನು. ತನ್ನ ಇಪ್ಪತ್ತು ಆಟಗಳಲ್ಲಿ ಹತ್ತನ್ನು ಮಾಡಿ ತೋರಿಸಲೆಂದು ಪಣವನ್ನೂ ಒಡ್ಡಿದನು. 1905ರ ಜನವರಿಯಲ್ಲಿ ವಾರಪತ್ರಿಕೆಯೊಂದರ ಕಚೇರಿಯಲ್ಲಿ ಸ್ಪರ್ಧೆ ಗೊತ್ತಾಯಿತು. ಸೂ ಬಂದು ತನ್ನ ಕೈಚಳಕ ತೋರಿಸಿದನು. ಫೂ ಬರಲೇ ಇಲ್ಲ. ಎದುರಾಳಿ ಚೀನೀಯನೆಂಬುದು ಮೊದಲು ಸಿದ್ಧವಾಗಲಿ ಎಂಬುದು ಅವನ ಹಠ. ಹಠವೇನೋ ನ್ಯಾಯವಾದದ್ದೇ. ಆದರೆ ಮ್ಯೂಸಿಕ್ ಹಾಲಿನಲ್ಲಿ ಟಿಕೆಟ್ಟು ಕೊಂಡು ಕುಳಿತವನಿಗೆ ಗಾರುಡಿಗನ ಹುಟ್ಟೂರಿನ ಗೊಡವೆ ಏಕೆ? ಅವನು ಕಾಣಬಂದದ್ದು ತನ್ನ ಕಲ್ಪನೆಯ ಚೀನಾವನ್ನು. ಅದನ್ನು ಅಮೆರಿಕದವನು ಅಚ್ಚುಕಟ್ಟಾಗಿ ಕಟ್ಟಿಕೊಟ್ಟಿದ್ದನು. ಲಂಡನ್ ಸೂವನ್ನೇ ಉಳಿಸಿಕೊಂಡಿತು.

1912ರಲ್ಲಿ ಫೂ ಮತ್ತೆ ಅಮೆರಿಕಕ್ಕೆ ಹೋದನು. ವಿಚಿತ್ರವೆಂದರೆ, ಅಲ್ಲಿ ಅವನ ಮಗಳು ಹಾಡಿ ಜನರನ್ನು ಮೆಚ್ಚಿಸಿದ್ದು ಅಮೆರಿಕದ ಹಾಡುಗಳನ್ನು.

ಬಂದೂಕಿನಿಂದ ಹಾರಿದ ಗುಂಡನ್ನು ತಟ್ಟೆಯಲ್ಲಿ ಹಿಡಿಯುವುದು ಸೂನ ಒಂದು ಆಟ. ಚೀನಾದ ಬಾಕ್ಸರ್ ದಂಗೆಕೋರರು ವಿಧಿಸಿದ ಮರಣದಂಡನೆಯೆಂಬಂತೆ ಅದನ್ನು ಆಡುತ್ತಿದ್ದನು. 1918ರ ಮಾರ್ಚ್ 23ರಂದು ವುಡ್ ಗ್ರೀನ್ ಎಂಪೈರಿನಲ್ಲಿ, ಸವೆದ ಬಂದೂಕಿನೊಳಗೆ ಹಾರಬಾರದ ಗುಂಡು ಹಾರಿ ಅವನ ಎದೆಯನ್ನು ಹೊಕ್ಕಿತು. ಪರದೆ ಇಳಿಸಿರೆಂದು ಅವನು ಕೂಗಿದ್ದು ಇಂಗ್ಲಿಷಿನಲ್ಲಿ. ಮರುದಿನ ತೀರಿಕೊಂಡನು. ಫೂ ಇನ್ನೂ ನಾಲ್ಕು ವರ್ಷ ಬದುಕಿದ್ದನು.