ಮಮದಾಪುರದಿಂದ ಕೇಂಬ್ರಿಜಿಗೆ: ಡಾ. ಡಿ. ಸಿ. ಪಾವಟೆಯವರ ವಿದ್ಯಾಯಾತ್ರೆ

ವಿದ್ಯೆಯನ್ನರಸಿ ಮನೆಮಾರು ತೊರೆದು ದೂರದೇಶಕ್ಕೆ ಹೋಗುವುದು ನಮ್ಮ ಈ ನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಇದೇ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಕಲಿಯಬೇಕೆಂಬ ಹಂಬಲದಿಂದ ತೆಂಕಣ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದು, ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದನು. ಅದಾದ ಸಾವಿರ ವರ್ಷಗಳ ಮೇಲೆ, ಮುಧೋಳಕ್ಕೆ ನೀರು ತರುವ ಅದೇ ಘಟಪ್ರಭೆಯ ಮೇಲುಸೀಮೆಯಾದ ಗೋಕಾಕ ತಾಲ್ಲೂಕಿನಿಂದ ಮತ್ತೊಬ್ಬ ತರುಣನು ವಿದ್ಯೆಗಾಗಿ ಸಮುದ್ರವನ್ನೇ ದಾಟಿದನು. ಆತನೇ ಮುಂದೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪಂಜಾಬಿನ ರಾಜ್ಯಪಾಲರಾಗಿ ಹೆಸರಾದ ದಾದಪ್ಪ ಚಿಂತಪ್ಪ ಪಾವಟೆಯವರು. ಸಮೀರವಾಡಿಯ ಸುತ್ತಲಿನ ಕಬ್ಬಿನ ಹೊಲಗಳ ನಡುವೆ ಬೆಳೆದು, ಪರದೇಶದ ಶಾಲೆ ಕಾಲೇಜುಗಳ ಕನಸು ಕಾಣುವ ನಮ್ಮ ತರುಣ ತರುಣಿಯರು ಈ ಮಹನೀಯರ ಬಾಳನ್ನು ಒಮ್ಮೆ ಅವಲೋಕಿಸುವುದು ಉಚಿತವಾಗಿದೆ.

ಪಾವಟೆಯವರು 1899ರ ಆಗಸ್ಟ್ 2ರಂದು ಮಮದಾಪುರವೆಂಬ ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ಅದೇ 1899ರಲ್ಲಿ ರಘುನಾಥ ಪುರುಷೋತ್ತಮ ಪರಾಂಜಪೆಯವರು ಕೇಂಬ್ರಿಜಿನ ಗಣಿತ ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಇನ್ನೊಬ್ಬರೊಡನೆ ಹಂಚಿಕೊಂಡು, ಆ ಗೌರವ ಪಡೆದ ಮೊದಲ ಭಾರತೀಯರೆನಿಸಿದ್ದರು. ಮಮದಾಪುರದ ಕೂಸಿಗೂ ಆ ಪರೀಕ್ಷೆಗೂ ಮುಂದೊಂದು ದಿನ ನಂಟು ಬೆಳೆದೀತೆಂದು ಆಗ ಯಾರೂ ಊಹಿಸಿರಲಾರರು.

ಆ ಕಾಲದಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕನ್ನಡದ ಹುಡುಗನು ಪದವೀಧರನಾಗಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಹಾಪುರಕ್ಕೋ ಹೋಗಬೇಕಾಗಿತ್ತು. ಹೋದಲ್ಲಿ ಮಾತು ಬೇರೆ, ಊಟ ಬೇರೆ, ಖರ್ಚು ಹೆಚ್ಚು. ಎಷ್ಟೋ ಜಾಣ ಮಕ್ಕಳ ಓದು ಇದೇ ಕಾರಣದಿಂದ ಅರ್ಧಕ್ಕೇ ನಿಂತುಹೋಯಿತು. ನಾಡಿನ ಹಿರಿಯರ ಪ್ರಯತ್ನದ ಫಲವಾಗಿ 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಯಿತು. ಪಾವಟೆಯವರಿಗೆ ಆಗ ಹದಿನೆಂಟರ ಪ್ರಾಯ. ಆ ಕಾಲೇಜಿನ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರಾದರು. ಗಣಿತದಲ್ಲಿ ಅವರಿಗಿದ್ದ ಪ್ರೌಢಿಮೆಯು ಅವರನ್ನು ಅಲ್ಲಿಗೇ ನಿಲ್ಲಗೊಡಲಿಲ್ಲ. 1920ರ ದಶಕದಲ್ಲಿ ಅವರು ಇಂಗ್ಲೆಂಡಿಗೆ ಹೊರಟು ನಿಂತರು.

ಇಂದು ಒಂದು ಹಗಲಿನಲ್ಲಿ ಮುಗಿಯುವ ಆ ಪ್ರಯಾಣವು ಅಂದು ಎಂಥದಾಗಿತ್ತೆಂಬುದನ್ನು ನೆನೆಯಬೇಕು. ಮುಂಬಯಿಯ ಬ್ಯಾಲಾರ್ಡ್ ಪಿಯರಿನಲ್ಲಿ ಹಡಗು ಹತ್ತಿದ ವಿದ್ಯಾರ್ಥಿಯು ಏಡನ್, ಕೆಂಪು ಸಮುದ್ರ, ಸುಯೆಜ್ ಕಾಲುವೆ, ಪೋರ್ಟ್ ಸಯೀದ್‌ಗಳನ್ನು ಹಾಯ್ದು ಮಾರ್ಸೇಲ್ಸ್ ಮುಟ್ಟಲು ಸುಮಾರು ಎರಡು ವಾರ ಹಿಡಿಯುತ್ತಿತ್ತು. ಲಂಡನ್ನಿನವರೆಗೂ ಹಡಗಿನಲ್ಲಿಯೇ ಹೋಗುವವರಿಗೆ ಮತ್ತೊಂದು ವಾರ. ಬಯಲುಸೀಮೆಯ ಹುಡುಗರಲ್ಲಿ ಅನೇಕರು ಕಡಲನ್ನು ಮೊದಲು ಕಾಣುತ್ತಿದ್ದುದೇ ಅದನ್ನು ದಾಟುವ ದಿನ. ಭಾರತಕ್ಕೂ ಇಂಗ್ಲೆಂಡಿಗೂ ವಿಮಾನದ ಟಪಾಲು ಆರಂಭವಾದದ್ದು 1929ರಲ್ಲಿ. ಅದಕ್ಕೂ ಮೊದಲು ಹೋದವನು ಮನೆಗೆ ಬರೆದ ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳಿಗೂ ಮೇಲೆ ಕಾಯಬೇಕು. ಮನೆಯಲ್ಲಿ ಜ್ವರವೋ ಸಾವೋ ಸಂಭವಿಸಿದರೆ ಸುದ್ದಿ ತಲಪುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತಿತ್ತು. ಮಗನನ್ನು ಹಡಗು ಹತ್ತಿಸಿದ ತಂದೆತಾಯಿಗಳು ವರ್ಷಗಟ್ಟಲೆ ಅವನ ಮುಖವನ್ನು ಕಾಣದೆ ಇರಲು ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕಾಗಿತ್ತು.

ಪಾವಟೆಯವರು ಸೇರಿದ್ದು ಕೇಂಬ್ರಿಜಿನ ಸಿಡ್ನಿ ಸಸೆಕ್ಸ್ ಕಾಲೇಜನ್ನು. 1596ರಲ್ಲಿ ಸ್ಥಾಪಿತವಾದ ಈ ಕಾಲೇಜಿನಲ್ಲಿಯೇ ಹಿಂದೆ ಆಲಿವರ್ ಕ್ರಾಮ್‌ವೆಲ್ ಓದಿದ್ದನು. ಅಲ್ಲಿನ ಕಟ್ಟುಪಾಡುಗಳು ಹೊಸಬರಿಗೆ ವಿಚಿತ್ರವಾಗಿ ತೋರುವಂಥವು. ಕತ್ತಲಾದ ಮೇಲೆ ವಿದ್ಯಾರ್ಥಿಯು ಕರಿಯ ನಿಲುವಂಗಿಯಿಲ್ಲದೆ ಬೀದಿಯಲ್ಲಿ ತಿರುಗುವಂತಿರಲಿಲ್ಲ. ರಾತ್ರಿ ಗೊತ್ತಾದ ವೇಳೆಗೆ ಕಾಲೇಜಿನ ಬಾಗಿಲು ಮುಚ್ಚುತ್ತಿತ್ತು. ಸಂಜೆಯ ಊಟಕ್ಕೆ ಎಲ್ಲರೂ ದೊಡ್ಡ ಭೋಜನಶಾಲೆಯಲ್ಲಿ ಕೂಡಬೇಕಾಗಿತ್ತು. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕರ ಹೊತ್ತಿಗೇ ಕತ್ತಲು ಕವಿಯುತ್ತದೆ. ಜೋಳದ ರೊಟ್ಟಿ, ಬಿಸಿಲುಗಳಲ್ಲಿ ಬೆಳೆದ ಶರೀರಕ್ಕೆ ಅದು ಸಣ್ಣ ಪರೀಕ್ಷೆಯೇನಲ್ಲ. ಆ ಊರಿಗೇ 1914ರಲ್ಲಿ ಬಂದಿದ್ದ ಶ್ರೀನಿವಾಸ ರಾಮಾನುಜನ್ನರು ಆರೋಗ್ಯ ಕಳೆದುಕೊಂಡು 1919ರಲ್ಲಿ ತಾಯ್ನಾಡಿಗೆ ಮರಳಿ, ಮರುವರ್ಷವೇ ತೀರಿಕೊಂಡಿದ್ದರು. ಗಣಿತ ಕಲಿಯಲು ಕೇಂಬ್ರಿಜಿಗೆ ಹೋಗುವ ಭಾರತೀಯ ತರುಣರ ಮನಸ್ಸಿನಲ್ಲಿ ಆ ದುಃಖದ ನೆನಪು ಇನ್ನೂ ಹಸಿಯಾಗಿತ್ತು.

ಅಲ್ಲಿನ ಗಣಿತದ ಪದವಿ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಅದರ ಅಂತಿಮ ಭಾಗದಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದವರನ್ನು ರ್‍ಯಾಂಗ್ಲರ್ ಎಂದು ಕರೆಯುತ್ತಾರೆ. ವಾದ ಮಾಡುವವನು ಎಂಬುದು ಆ ಶಬ್ದದ ಮೂಲಾರ್ಥ. ಹಿಂದಿನ ಕಾಲದಲ್ಲಿ ವಿದ್ಯಾರ್ಥಿಗಳು ವಾಕ್ಯಾರ್ಥ ನಡೆಸಿಯೇ ಪದವಿ ಗಳಿಸಬೇಕಾಗಿದ್ದುದರಿಂದ ಈ ಹೆಸರು ಬಂದಿತು. ಮಮದಾಪುರದ ಪಾವಟೆಯವರು ಆ ದಶಕದ ಉತ್ತರಾರ್ಧದಲ್ಲಿ ರ್‍ಯಾಂಗ್ಲರ್ ಆದರು. ಉತ್ತರ ಕರ್ನಾಟಕದ ಹಳ್ಳಿಗಾಡಿಗೆ ಅದೊಂದು ಹೆಮ್ಮೆಯ ಘಳಿಗೆ.

ಆದರೆ ಅವರ ಹಿರಿಮೆಯು ಈ ಬಿರುದಿನಲ್ಲಿ ಮುಗಿಯುವುದಿಲ್ಲ. ಹೋದವನು ಏನನ್ನು ಹೊತ್ತು ತಂದನು, ಅದನ್ನು ಯಾರಿಗೆ ಹಂಚಿದನು ಎಂಬುದೇ ಮುಖ್ಯವಾದ ಪ್ರಶ್ನೆ. ಪಾವಟೆಯವರು ತಾಯ್ನಾಡಿಗೆ ಮರಳಿ, ಮದನಮೋಹನ ಮಾಳವೀಯರು ಕಟ್ಟಿದ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ತರುವಾಯ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯನ್ನು ಸೇರಿದರು. ಕಲನಶಾಸ್ತ್ರದ ಮೇಲೆ ಅವರು ಬರೆದ ಪಠ್ಯಗ್ರಂಥವು ಕಾಲೇಜು ವಿದ್ಯಾರ್ಥಿಗಳಿಗೆ ಕೈದೀವಿಗೆಯಾಯಿತು.

ಸ್ವಾತಂತ್ರ್ಯ ಬಂದ 1947ರಲ್ಲಿ ಅವರು ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾದರು. ಮರುವರ್ಷ, ಅಂದರೆ 1948ರಲ್ಲಿ, ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಂದಿನವರೆಗೆ ಅರಸರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದ ಶಾಲೆಗಳು ಹೀಗೆ ಪಾವಟೆಯವರು ನಡೆಸುತ್ತಿದ್ದ ಇಲಾಖೆಯ ಆಡಳಿತಕ್ಕೆ ಬಂದವು. ಗುಜರಾತ, ಮಹಾರಾಷ್ಟ್ರ, ಕರ್ನಾಟಕ ಮೂರೂ ಸೇರಿದ ಆ ವಿಶಾಲ ಪ್ರಾಂತದ ಶಿಕ್ಷಣದ ಹೊಣೆಯನ್ನು ಅವರು ಏಳು ವರ್ಷ ಹೊತ್ತರು.

1954ರಲ್ಲಿ ಅವರು ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಧಾರವಾಡಕ್ಕೆ ಬಂದರು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದ ಆ ಸಂಸ್ಥೆಯು ಆಗಿನ್ನೂ ಎಳೆಯ ಸಸಿ. ಹದಿಮೂರು ವರ್ಷಗಳ ಕಾಲ, 1967ರವರೆಗೆ, ಪಾವಟೆಯವರು ಅದಕ್ಕೆ ನೀರೆರೆದರು. ಛೋಟಾ ಮಹಾಬಳೇಶ್ವರವೆಂಬ ಗುಡ್ಡದ ಮೇಲೆ ವಿಶ್ವವಿದ್ಯಾನಿಲಯದ ಭವ್ಯ ಆವರಣವು ತಲೆಯೆತ್ತಿತು. ಸ್ನಾತಕೋತ್ತರ ವಿಭಾಗಗಳು ಒಂದೊಂದಾಗಿ ಬೆಳೆದವು. 1956ರ ರಾಜ್ಯ ಪುನರ್ವಿಂಗಡಣೆಯ ಮೇಲೆ ಹೈದರಾಬಾದ್ ಕರ್ನಾಟಕದ ಮಕ್ಕಳಿಗೂ ಅದು ಆಸರೆಯಾಯಿತು. ತಾವು ಉನ್ನತ ವಿದ್ಯೆಗಾಗಿ ಸಾವಿರಾರು ಮೈಲು ಹೋಗಬೇಕಾಗಿ ಬಂದವರು, ತಮ್ಮ ನಾಡಿನ ಬಡ ರೈತರ ಮಕ್ಕಳಿಗೆ ಅದೇ ವಿದ್ಯೆಯು ಒಂದು ದಿನದ ಬಸ್ಸಿನ ಹಾದಿಯಲ್ಲಿ ದೊರೆಯುವಂತೆ ಮಾಡಿದರು. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳ ಮೊದಲ ಪದವೀಧರರು ಪಡೆದದ್ದು ಈ ವಿಶ್ವವಿದ್ಯಾನಿಲಯದ ಪದವಿಯನ್ನೇ.

1967ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಅವರು ಪಂಜಾಬಿನ ರಾಜ್ಯಪಾಲರಾಗಿ ನೇಮಕಗೊಂಡು 1973ರವರೆಗೆ ಆ ಸ್ಥಾನದಲ್ಲಿದ್ದರು. ಸರಕಾರಗಳು ಮೇಲಿಂದ ಮೇಲೆ ಉರುಳುತ್ತಿದ್ದ ಕಷ್ಟಕಾಲವದು. 1968ರಲ್ಲಿ ವಿಧಾನಸಭೆಯ ಕಲಾಪವೇ ನಿಂತು ಆಯವ್ಯಯಕ್ಕೆ ಅಡ್ಡಿಯಾದಾಗ ರಾಜ್ಯಪಾಲರು ಕೈಕೊಂಡ ಕ್ರಮವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಸಿಂಧುವೆಂದು ತೀರ್ಮಾನವಾಯಿತು. ಗುರು ನಾನಕರ ಐನೂರನೆಯ ಜಯಂತಿಯ ಅಂಗವಾಗಿ 1969ರಲ್ಲಿ ಅಮೃತಸರದಲ್ಲಿ ಹೊಸ ವಿಶ್ವವಿದ್ಯಾನಿಲಯವು ಸ್ಥಾಪನೆಯಾದದ್ದೂ ಅವರ ಅವಧಿಯಲ್ಲಿಯೇ. ತಮ್ಮ ಆಡಳಿತದ ಅನುಭವಗಳನ್ನು ಅವರು ಇಂಗ್ಲಿಷಿನಲ್ಲಿ ಎರಡು ಗ್ರಂಥಗಳಾಗಿ ಬರೆದಿಟ್ಟಿದ್ದಾರೆ. 1979ರ ಜನವರಿಯಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ಅವರ ಹೆಸರಿನಲ್ಲಿ ಸ್ಥಾಪಿತವಾದ ಫೆಲೋಶಿಪ್ಪಿನ ಮೂಲಕ ಕರ್ನಾಟಕದ ವಿದ್ವಾಂಸರು ಕೇಂಬ್ರಿಜಿಗೆ ಹೋಗಿ ಅಧ್ಯಯನ ಮಾಡಿ ಬಂದಿದ್ದಾರೆ. ಒಬ್ಬನೇ ನಡೆದ ಹಾದಿಯು ಹೀಗೆ ಹಲವರ ಹೆದ್ದಾರಿಯಾಯಿತು.

ಇಂದು ನಮ್ಮ ಮಕ್ಕಳು ಬೆಂಗಳೂರಿನಲ್ಲಿ ವಿಮಾನ ಹತ್ತಿ ಮರುದಿನವೇ ಪರದೇಶದ ತರಗತಿಯಲ್ಲಿ ಕೂಡಬಲ್ಲರು. ರಾತ್ರಿಯಾದರೆ ತಾಯಿಯ ಮುಖವನ್ನು ಫೋನಿನಲ್ಲಿ ಕಾಣಬಲ್ಲರು. ದಾರಿ ಸುಗಮವಾಗಿದೆ. ಆದರೂ ಗೊತ್ತಿಲ್ಲದ ಊರಿನಲ್ಲಿ ಮೊದಲ ರಾತ್ರಿಯ ಒಂಟಿತನವು ಮೊದಲಿನಂತೆಯೇ ಇದೆ. ಸಾಲ ಮಾಡಿ ಕಳುಹಿದ ತಂದೆಯ ಚಿಂತೆಯೂ ಹಾಗೆಯೇ ಇದೆ. ಮರಳಿ ಬಂದು ಇಲ್ಲಿಯೇ ನೆಲೆಸಲು ಎಲ್ಲರಿಗೂ ಆಗಲಿಕ್ಕಿಲ್ಲ. ಆದರೆ ಎಲ್ಲಿದ್ದರೂ, ತಾನು ಕಲಿತದ್ದರಲ್ಲಿ ಊರಿನ ಮುಂದಿನ ಮಗುವಿಗೊಂದು ಪಾಲಿದೆಯೆಂಬ ಅರಿವು ಇರಬೇಕು. ಮಮದಾಪುರದ ಆ ರ್‍ಯಾಂಗ್ಲರರು ತಮ್ಮ ಬಾಳಿನಿಂದ ತೋರಿಸಿಕೊಟ್ಟದ್ದು ಇದನ್ನೇ. ಅಂಥ ಹಿರಿಯರ ನೆನಪು ನಮ್ಮ ತರುಣರಿಗೆ ದಾರಿದೀಪವಾಗಲಿ.